ಯೆಲ್ಲೊಸ್ಟೋನ್ ಬೆಟ್ಟಗಳಲ್ಲಿ ಗ್ರಿಜ್ಲಿ ಕರಡಿಯನ್ನು ಹುಡುಕುವ ಕ್ರಮ: ಸಮಗ್ರ ಮಾರ್ಗದರ್ಶಿ

ಗ್ರಿಜ್ಲಿ ಕರಡಿಯನ್ನು ನೋಡಲೆಂದೇ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ನಾಲ್ಕೈದು ದಿನ ಅಲೆದು, ಬೈಸನ್‌ಗಳ ಫೋಟೊಗಳನ್ನು ಮಾತ್ರ ಹೊತ್ತು ಮರಳಿದವರು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹೋಟೆಲಿನಲ್ಲಿ ತಿಂಡಿ ಮುಗಿಸಿ ಒಂಬತ್ತು ಗಂಟೆಗೆ ಹೊರಟಿರುತ್ತಾರೆ, ದಿನಕ್ಕೆ ಇನ್ನೂರು ಕಿಲೋಮೀಟರ್ ಕಾರು ಓಡಿಸಿರುತ್ತಾರೆ, ರಸ್ತೆಯಲ್ಲಿ ಕಾರುಗಳು ಗುಂಪುಗೂಡಿದಲ್ಲೆಲ್ಲ ಇಳಿದು ನೋಡಿರುತ್ತಾರೆ. ಅವರಿಗೆ ಅದೃಷ್ಟ ಕೈಕೊಟ್ಟಿತೆಂದು ನನಗೆ ಅನ್ನಿಸುವುದಿಲ್ಲ. ಕೆಲಸದ ಕ್ರಮ ತಪ್ಪಿತ್ತು, ಅಷ್ಟೆ.

ನಮ್ಮ ಅಭ್ಯಾಸಗಳೂ ಸ್ವಲ್ಪ ಅಡ್ಡ ಬರುತ್ತವೆ. ಹಂಪಿಯ ಬಳಿಯ ದರೋಜಿ ಕರಡಿಧಾಮದಲ್ಲಿ ಸಿಬ್ಬಂದಿ ಬಂಡೆಗಳಿಗೆ ಸಿಹಿ ಸವರಿ ಹೋದ ಮೇಲೆ ವೀಕ್ಷಣಾ ಗೋಪುರದಲ್ಲಿ ಕುಳಿತವರಿಗೆ ಕರಡಿ ತಾನಾಗಿ ಕಾಣಿಸುತ್ತದೆ. ನಾಗರಹೊಳೆಯ ಸಫಾರಿಯಲ್ಲಿ ಚಾಲಕನ ಕಣ್ಣೇ ನಮ್ಮ ಕಣ್ಣು. ಯೆಲ್ಲೊಸ್ಟೋನ್‌ನಲ್ಲಿ ಕಾಡುಪ್ರಾಣಿಗೆ ಆಹಾರ ಇಡುವುದು ಅಪರಾಧ, ಮತ್ತು ಸ್ವಂತ ಕಾರಿನಲ್ಲಿ ಬಂದವರು ಕರಡಿಯನ್ನೂ ತಾವೇ ಹುಡುಕಿಕೊಳ್ಳಬೇಕು. ಉದ್ಯಾನದ ವಿಸ್ತಾರ ಸುಮಾರು 9,000 ಚದರ ಕಿಲೋಮೀಟರ್. ಅದನ್ನೂ ಅದರ ಸುತ್ತಲಿನ ಬೆಟ್ಟಸೀಮೆಯನ್ನೂ ಸೇರಿಸಿದರೆ ಇರುವ ಗ್ರಿಜ್ಲಿಗಳು ಸಾವಿರದ ಆಸುಪಾಸು. ಹಾಗಾಗಿ ಮೊದಲು ತಿಂಗಳು, ಆಮೇಲೆ ತಂಗುವ ಊರು, ಆಮೇಲೆ ಕೂರುವ ಜಾಗ ಮತ್ತು ಹೊತ್ತು ಎಂಬ ಕ್ರಮದಲ್ಲಿಯೇ ತೀರ್ಮಾನಿಸುತ್ತ ಬರಬೇಕು. ಕಾಲಿಗೆ ಇದರಲ್ಲಿ ಕೆಲಸ ಬಹಳ ಕಡಿಮೆ.

1. ತಿಂಗಳನ್ನು ಮೊದಲು ಗೊತ್ತು ಮಾಡಿ

ಗ್ರಿಜ್ಲಿ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಅದು ಈಗ ಏನು ತಿನ್ನುತ್ತಿದೆ ಎಂಬುದರಲ್ಲಿದೆ. ಗಂಡು ಕರಡಿಗಳು ಮಾರ್ಚ್‌ನಲ್ಲಿ ಗವಿಯಿಂದ ಹೊರಬರುತ್ತವೆ. ಆ ವರ್ಷ ಹುಟ್ಟಿದ ಮರಿಗಳಿರುವ ತಾಯಂದಿರು ಏಪ್ರಿಲ್ ಕಳೆದು ಮೇ ಹತ್ತಿರವಾಗುವವರೆಗೂ ಒಳಗೇ ಉಳಿಯುವುದುಂಟು. ಹೊರಬಂದ ಕರಡಿಗೆ ಮೊದಲು ಸಿಗುವುದು ಚಳಿಗಾಲ ದಾಟಲಾರದೆ ಸತ್ತ ಬೈಸನ್ ಮತ್ತು ಎಲ್ಕ್ ಎಂಬ ದೊಡ್ಡ ಜಿಂಕೆಗಳ ಕಳೇಬರ. ಅವು ಹಿಮ ಬೇಗ ಕರಗುವ ತಗ್ಗಿನ ಕಣಿವೆಗಳಲ್ಲಿರುತ್ತವೆ. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಎಲ್ಕ್‌ಗಳು ಕರು ಹಾಕುವ ಕಾಲ. ಆಗ ಕರಡಿಗಳು ಬೂದು ಬಣ್ಣದ ಸೇಜ್ ಪೊದೆಗಳ ಬಯಲಿನಲ್ಲಿ, ಅಡಗಿ ಮಲಗಿದ ಕರುಗಳನ್ನು ಅರಸುತ್ತ, ಅಂಕುಡೊಂಕಾಗಿ ಓಡಾಡುತ್ತವೆ. ಬಯಲು ತೆರೆದಿರುತ್ತದೆ, ಹುಲ್ಲು ಇನ್ನೂ ಗಿಡ್ಡಗಿರುತ್ತದೆ, ಕರಡಿ ರಸ್ತೆಯಿಂದಲೇ ಕಾಣುವಷ್ಟು ಕೆಳಗಿರುತ್ತದೆ. ನನ್ನನ್ನು ಕೇಳಿದರೆ ಮೇ 15ರಿಂದ ಜೂನ್ 15ರವರೆಗಿನ ಒಂದು ತಿಂಗಳನ್ನು ಬಿಟ್ಟು ಬೇರೆ ದಿನಗಳಿಗೆ ಮೊದಲ ಪ್ರವಾಸವನ್ನು ಇಟ್ಟುಕೊಳ್ಳಲೇಬಾರದು.

ಹೆಚ್ಚಿನವರು ಎಡವುವುದು ಇಲ್ಲೇ. ಅಮೆರಿಕದಲ್ಲಿ ನೆಲೆಸಿದವರ ಮನೆಗೆ ಊರಿನಿಂದ ತಂದೆತಾಯಿ ಬಂದಿರುತ್ತಾರೆ, ಮಕ್ಕಳಿಗೆ ಬೇಸಿಗೆ ರಜೆ ಇರುತ್ತದೆ, ಜುಲೈ ಕೊನೆ ಅಥವಾ ಆಗಸ್ಟ್‌ಗೆ ಟಿಕೆಟ್ ಆಗಿಬಿಟ್ಟಿರುತ್ತದೆ. ಆ ಹೊತ್ತಿಗೆ ಎಲ್ಕ್ ಕರುಗಳು ಕರಡಿಯನ್ನು ಹಿಂದಿಕ್ಕಿ ಓಡುವಷ್ಟು ಬೆಳೆದಿರುತ್ತವೆ, ಕರಡಿಗಳು ಎತ್ತರದ ಹುಲ್ಲುಗಾವಲುಗಳಿಗೆ ಏರಿರುತ್ತವೆ. ಕೆಲವು ಕರಡಿಗಳು ಉದ್ಯಾನದ ಪೂರ್ವದ ಅಬ್ಸರೋಕಾ ಪರ್ವತಗಳ ನೆತ್ತಿಯ ಕಲ್ಲುರಾಶಿಗಳಲ್ಲಿ ಅಡಗಿದ ಪತಂಗಗಳನ್ನು ಕಲ್ಲು ಮಗುಚಿ ತಿನ್ನುತ್ತಿರುತ್ತವೆ. ಒಂದು ಕರಡಿ ದಿನಕ್ಕೆ 40,000 ಪತಂಗಗಳವರೆಗೂ ತಿನ್ನಬಲ್ಲದು. ಅಲ್ಲಿಗೆ ಹೋಗಿ ನೋಡುವುದು ಮೊದಲ ಪ್ರವಾಸದ ಕೆಲಸವಲ್ಲ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ಎರಡನೆಯ ಅವಕಾಶ: ಚಳಿಗಾಲಕ್ಕೆ ಕೊಬ್ಬು ಕೂಡಿಸಿಕೊಳ್ಳಲು ಕರಡಿಗಳು ದಿನದ ಬಹುಪಾಲು ಮೇಯುತ್ತಿರುತ್ತವೆ. ಆದರೆ ವೈಟ್‌ಬಾರ್ಕ್ ಪೈನ್ ಮರಗಳು ಚೆನ್ನಾಗಿ ಕಾಯಿ ಬಿಟ್ಟ ವರ್ಷ ಕರಡಿಗಳು ಅವುಗಳ ಬೀಜ ತಿನ್ನುತ್ತ ಮೇಲಿನ ಕಾಡುಗಳಲ್ಲೇ ಉಳಿದುಬಿಡುತ್ತವೆ.

2. ತಂಗುವ ಊರನ್ನು ಕಣಿವೆಯ ಹತ್ತಿರ ಹಿಡಿಯಿರಿ

ಗ್ರಿಜ್ಲಿ ನೋಡಲು ಒಳ್ಳೆಯ ಜಾಗವಾದ ಲಮಾರ್ ಕಣಿವೆ ಉದ್ಯಾನದ ಈಶಾನ್ಯ ಮೂಲೆಯಲ್ಲಿದೆ. ಉತ್ತರ ದ್ವಾರದ ಗಾರ್ಡಿನರ್ ಊರಿನಿಂದ ಕುಕ್ ಸಿಟಿಗೆ ಹೋಗುವ ಸುಮಾರು 90 ಕಿಲೋಮೀಟರ್ ರಸ್ತೆ ಇದರ ಮೂಲಕ ಸಾಗುತ್ತದೆ. ಉದ್ಯಾನದಲ್ಲಿ ವರ್ಷವಿಡೀ ಸಾಮಾನ್ಯ ವಾಹನಗಳಿಗೆ ತೆರೆದಿರುವ ರಸ್ತೆ ಇದೊಂದೇ. ಆದ್ದರಿಂದ ಗಾರ್ಡಿನರ್, ಸಿಲ್ವರ್ ಗೇಟ್ ಅಥವಾ ಕುಕ್ ಸಿಟಿಯಲ್ಲಿ ತಂಗಬೇಕು. ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆಗೆ ಹತ್ತಿರವೆಂದು ಪಶ್ಚಿಮ ದ್ವಾರದ ವೆಸ್ಟ್ ಯೆಲ್ಲೊಸ್ಟೋನ್ ಊರಿನಲ್ಲಿ ಕೋಣೆ ಹಿಡಿದವರು ಲಮಾರ್ ತಲುಪಲು ಎರಡು ಗಂಟೆಗಿಂತ ಹೆಚ್ಚು ಕಾರು ಓಡಿಸಬೇಕಾಗುತ್ತದೆ, ಅಷ್ಟರಲ್ಲಿ ಬೆಳಗಿನ ಒಳ್ಳೆಯ ಹೊತ್ತು ಕಳೆದಿರುತ್ತದೆ. ಬುಗ್ಗೆಗಳಿಗೆ ಬೇರೆ ದಿನ ಇಡಿ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಎರಡೂ ಅರ್ಧವಾಗುತ್ತವೆ.

ಕನಿಷ್ಠ ಮೂರು ಬೆಳಗುಗಳನ್ನು ಕರಡಿಗೆಂದೇ ಮೀಸಲಿಡಿ. ಲಮಾರ್‌ನಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲವೆಂದೇ ತಿಳಿದು, ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ರಾತ್ರಿಯೇ ಪೆಟ್ರೋಲ್ ತುಂಬಿಸಿಡಿ. ವಾಷ್‌ಬರ್ನ್ ಬೆಟ್ಟದ ಬಳಿಯ, ಸುಮಾರು 2,700 ಮೀಟರ್ ಎತ್ತರದ ಡನ್‌ರೇವನ್ ಘಾಟಿಯ ರಸ್ತೆ ಚಳಿಗಾಲದಲ್ಲಿ ಮುಚ್ಚಿದ್ದು, ಸಾಮಾನ್ಯವಾಗಿ ಮೇ ಕೊನೆಯ ಹೊತ್ತಿಗೆ ತೆರೆಯುತ್ತದೆ. ಹೊರಡುವ ಹಿಂದಿನ ದಿನ ಉದ್ಯಾನದ ರಸ್ತೆ ಪ್ರಕಟಣೆಯನ್ನು ನೋಡಿಕೊಳ್ಳಿ.

3. ಸಲಕರಣೆ

ಕಾರಿನಷ್ಟೇ ಅಗತ್ಯವಾದ ವಸ್ತು ಸ್ಪಾಟಿಂಗ್ ಸ್ಕೋಪ್, ಅಂದರೆ ಒಂದೇ ಕಣ್ಣಿನಿಂದ ನೋಡುವ ಪುಟ್ಟ ದೂರದರ್ಶಕ. ಇಪ್ಪತ್ತರಿಂದ ಅರವತ್ತು ಪಟ್ಟು ಹಿಗ್ಗಿಸುವ ಸ್ಕೋಪ್ ಸಾಕು. ಅದನ್ನು ಹೊರುವ ಟ್ರೈಪಾಡ್ ಗಟ್ಟಿಯಾಗಿರಬೇಕು. ಕಡಿಮೆ ಬೆಲೆಯ ಟ್ರೈಪಾಡ್ ಮೇಲಿಟ್ಟ ದುಬಾರಿ ಸ್ಕೋಪ್ ಗಾಳಿಗೆ ನಡುಗುತ್ತ ಎರಡು ಕಿಲೋಮೀಟರ್ ಆಚೆಯ ಕರಡಿಯನ್ನು ಕಂದು ಮಸಿಯಾಗಿ ತೋರಿಸುತ್ತದೆ. ಸ್ಕೋಪ್ ಕೊಳ್ಳುವಷ್ಟು ಬಳಕೆ ಇಲ್ಲದವರು ಅದನ್ನು ಹತ್ತಿರದ ಊರುಗಳಲ್ಲಿ ಬಾಡಿಗೆಗೆ ಪಡೆಯಬಹುದು. ಹುಡುಕುವುದಕ್ಕೆ ಮಾತ್ರ ಬೈನಾಕ್ಯುಲರ್ ಬೇಕು, 8x42 ಅಥವಾ 10x42 (ಎಂಟು ಅಥವಾ ಹತ್ತು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಗಾಜಿನದು). ಬೈನಾಕ್ಯುಲರ್‌ನಿಂದ ಹುಡುಕಬೇಕು, ಸ್ಕೋಪ್‌ನಿಂದ ಖಚಿತಪಡಿಸಿಕೊಳ್ಳಬೇಕು. ಇದನ್ನು ತಿರುಗುಮುರುಗು ಮಾಡಿದರೆ ಕಿರಿದಾದ ವೃತ್ತದಲ್ಲಿ ಬೆಟ್ಟವೇ ಕಳೆದುಹೋಗುತ್ತದೆ.

ಬೇರ್ ಸ್ಪ್ರೇ, ಅಂದರೆ ನುಗ್ಗಿ ಬರುವ ಕರಡಿಯತ್ತ ಸಿಂಪಡಿಸುವ ಖಾರದ ಸ್ಪ್ರೇ, ಎರಡನೆಯ ಕಡ್ಡಾಯ ವಸ್ತು. ಕರಡಿಗೆಂದೇ ತಯಾರಾದ, ಕನಿಷ್ಠ 225 ಗ್ರಾಂ ತೂಕದ ಡಬ್ಬಿಯನ್ನೇ ಕೊಳ್ಳಿ. ಮನುಷ್ಯರಿಂದ ರಕ್ಷಣೆಗೆ ಮಾರುವ ಪುಟ್ಟ ಪೆಪ್ಪರ್ ಸ್ಪ್ರೇ ಇಲ್ಲಿ ಉಪಯೋಗಕ್ಕೆ ಬಾರದು. ಅವಧಿ ಮುಗಿಯುವ ದಿನಾಂಕವನ್ನು ಡಬ್ಬಿಯ ಮೇಲೆ ನೋಡಿ. ವಿಮಾನದಲ್ಲಿ ಇದನ್ನು ಕೈಚೀಲದಲ್ಲಾಗಲಿ ಸರಕಿನಲ್ಲಾಗಲಿ ಒಯ್ಯುವಂತಿಲ್ಲವಾದ್ದರಿಂದ ಅಲ್ಲೇ ಕೊಳ್ಳಬೇಕು. ಕೊಂಡ ಮೇಲೆ ಸುರಕ್ಷಾ ಕ್ಲಿಪ್ ತೆಗೆಯುವ ಅಭ್ಯಾಸವನ್ನು ಕೋಣೆಯ ಹೊರಗೆ, ಗುಂಡಿ ಒತ್ತದೆ, ಹತ್ತು ಬಾರಿ ಮಾಡಿ. ಬೆನ್ನಚೀಲದ ಒಳಗಿರುವ ಸ್ಪ್ರೇ ಇಲ್ಲದ ಸ್ಪ್ರೇಗೆ ಸಮ. ಅದು ಸೊಂಟದಲ್ಲಿ ಇಲ್ಲವೇ ಎದೆಯ ಪಟ್ಟಿಯಲ್ಲಿ ಇರಬೇಕು.

ಬಟ್ಟೆಯ ಬಗ್ಗೆ ಒಂದೇ ಮಾತು: ಮೇ ಕೊನೆಯಲ್ಲೂ ನಸುಕಿನ ತಾಪಮಾನ ಸೊನ್ನೆಗಿಂತ ಕೆಳಗಿಳಿಯಬಹುದು, ಮತ್ತು ನೀವು ನಡೆಯುತ್ತಿರುವುದಿಲ್ಲ, ಕುಳಿತಿರುತ್ತೀರಿ.

4. ಒಂದೇ ಜಾಗದಲ್ಲಿ ಎರಡು ಗಂಟೆ ಕುಳಿತುಕೊಳ್ಳಿ

ಮೇ ಕೊನೆಯಲ್ಲಿ ಸೂರ್ಯೋದಯ ಐದೂಮುಕ್ಕಾಲರ ಒಳಗೇ ಆಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಸ್ಕೋಪ್ ಟ್ರೈಪಾಡಿನ ಮೇಲೆ ಏರಿರಬೇಕು. ಅಂದರೆ ನಾಲ್ಕೂಕಾಲಕ್ಕೆ ಕೋಣೆ ಬಿಡಬೇಕು. ಸ್ಲೌ ಕ್ರೀಕ್ ಎಂಬ ತೊರೆಯ ಸುತ್ತಲಿನ ತಾಣಗಳು, ಲಮಾರ್ ಕಣಿವೆಯ ಉದ್ದಕ್ಕೂ ಇರುವ ವಾಹನ ನಿಲುಗಡೆಗಳು, ಉದ್ಯಾನದ ನಡುಭಾಗದ ಹೇಡನ್ ಕಣಿವೆ, ಮತ್ತು ಘಾಟಿ ತೆರೆದ ಮೇಲೆ ವಾಷ್‌ಬರ್ನ್ ಬೆಟ್ಟದ ಮಗ್ಗುಲಿನ ಆಂಟಿಲೋಪ್ ಕ್ರೀಕ್ ಇಳಿಜಾರು ಒಳ್ಳೆಯ ಜಾಗಗಳು. ಆಂಟಿಲೋಪ್ ಕ್ರೀಕ್ ಪ್ರದೇಶದೊಳಗೆ ಮಾರ್ಚ್ 10ರಿಂದ ನವೆಂಬರ್ 10ರವರೆಗೆ ಪ್ರವೇಶವಿಲ್ಲ. ಕರಡಿಗಳು ಅಲ್ಲಿ ನೆಮ್ಮದಿಯಾಗಿರುವುದಕ್ಕೆ ಅದೂ ಕಾರಣ. ರಸ್ತೆಯಿಂದ ನೋಡಬಹುದು.

ಬೆಳಗ್ಗೆ ಸೂರ್ಯ ಬೆನ್ನಿಗಿರುವಂತೆ, ಸ್ವಲ್ಪ ಎತ್ತರದಲ್ಲಿ, ಎದುರಿಗೆ ಹುಲ್ಲು, ಪೊದೆ ಮತ್ತು ಮರಗಳ ಅಂಚು ಮೂರೂ ಕಾಣುವಂತೆ ಕುಳಿತುಕೊಳ್ಳಿ. ಬೆಚ್ಚಗಿನ ಕಾರಿನಿಂದ ತೆಗೆದ ಸ್ಕೋಪ್ ಹೊರಗಿನ ಚಳಿಗೆ ಹೊಂದಿಕೊಳ್ಳಲಿ ಎಂದು ಹತ್ತು ನಿಮಿಷ ಮೊದಲೇ ಹೊರಗಿಡಿ. ಎಂಜಿನ್ ನಿಲ್ಲಿಸಿ, ಬಾಗಿಲನ್ನು ಮೆಲ್ಲಗೆ ಒತ್ತಿ ಮುಚ್ಚಿ. ಹತ್ತು ಜನ ಸ್ಕೋಪ್ ಹಾಕಿ ಮೌನವಾಗಿ ಕುಳಿತಿರುವಲ್ಲಿ ಧಡಾರನೆ ಬಾಗಿಲು ಹಾಕಿ ಜೋರಾಗಿ ಫೋನಿನಲ್ಲಿ ಮಾತನಾಡುವುದು ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ. ಬಿಟ್ಟ ಕರಡಿಯಂತೂ ಆಮೇಲೆ ಕಾಣಿಸುವುದಿಲ್ಲ.

ಸಾಮಾನ್ಯ ತಪ್ಪು ಎಂದರೆ ಇಪ್ಪತ್ತು ನಿಮಿಷಕ್ಕೆ ಬೇಸತ್ತು ಮುಂದಿನ ತಾಣಕ್ಕೆ ಹೋಗುವುದು. ಕರಡಿ ತಗ್ಗಿಗೆ ಇಳಿದರೆ ಅಥವಾ ಮಲಗಿದರೆ ಅರ್ಧ ಗಂಟೆ ಕಾಣಿಸದೆ ಇರುವುದು ಸಹಜ. ನೀವು ಹೊರಟ ಮೇಲೆ ಅದು ಎದ್ದುಬರುತ್ತದೆ.

5. ಬೆಟ್ಟವನ್ನು ಸಾಲುಸಾಲಾಗಿ ಓದಿ

ಎದುರಿನ ಇಳಿಜಾರನ್ನು ಮನಸ್ಸಿನಲ್ಲೇ ಪಟ್ಟೆಗಳಾಗಿ ಭಾಗಿಸಿ, ಹತ್ತಿರದ ಪಟ್ಟೆಯಿಂದ ಆರಂಭಿಸಿ ಎಡದಿಂದ ಬಲಕ್ಕೆ ನಿಧಾನವಾಗಿ ಓದುತ್ತ ಹೋಗಿ. ಮುಗಿದ ಮೇಲೆ ಮತ್ತೊಮ್ಮೆ ಮೊದಲಿನಿಂದ. ಹತ್ತಿರದಿಂದ ಆರಂಭಿಸುವುದಕ್ಕೆ ಕಾರಣವಿದೆ: ಎಲ್ಲರೂ ದೂರದ ಬೆಟ್ಟವನ್ನು ನೋಡುತ್ತಿರುವಾಗ ಕರಡಿ ಮುನ್ನೂರು ಮೀಟರ್ ದೂರದ ತೊರೆಯ ಏರಿ ಹತ್ತಿ ಬರುವುದುಂಟು. ಕರಗುತ್ತಿರುವ ಹಿಮದ ಅಂಚನ್ನು, ಹೊಸ ಹಸಿರು ಮೊಳೆತ ಒದ್ದೆ ಜಾಗಗಳನ್ನು, ಕಾಡಿನ ಅಂಚನ್ನು ಎರಡೆರಡು ಬಾರಿ ನೋಡಿ.

ಕರಡಿಯನ್ನಷ್ಟೇ ಹುಡುಕಬೇಡಿ, ಕರಡಿಯನ್ನು ನೋಡುತ್ತಿರುವವರನ್ನು ಹುಡುಕಿ. ಮೇಯುತ್ತಿದ್ದ ಎಲ್ಕ್ ಹಿಂಡು ಒಮ್ಮೆಗೇ ತಲೆಯೆತ್ತಿ ಒಂದೇ ದಿಕ್ಕಿಗೆ ಮುಖ ಮಾಡಿದರೆ ಆ ದಿಕ್ಕಿನಲ್ಲಿ ಏನೋ ಇದೆ. ಕಾಗೆಯ ಜಾತಿಯ ದೊಡ್ಡ ರೇವನ್‌ಗಳೂ ಮ್ಯಾಗ್ಪೈಗಳೂ ಒಂದೇ ಜಾಗದಲ್ಲಿ ಏಳುತ್ತ ಇಳಿಯುತ್ತ ಇದ್ದರೆ ಅಲ್ಲೊಂದು ಕಳೇಬರವಿದೆ. ಆ ಜಾಗಕ್ಕೆ ಸ್ಕೋಪ್ ತಿರುಗಿಸಿ ಬೆಳಗೆಲ್ಲ ಕಾದರೂ ನಷ್ಟವಿಲ್ಲ.

ನನ್ನ ಮೊದಲ ಪ್ರವಾಸದಲ್ಲಿ ಸ್ಲೌ ಕ್ರೀಕ್ ಎದುರಿನ ಇಳಿಜಾರಿನ ಒಂದು ಕಂದು ಬಂಡೆಯನ್ನು ಕರಡಿಯೆಂದು ನಂಬಿ ಮುಕ್ಕಾಲು ಗಂಟೆ ನೋಡಿದ್ದೆ. ಪಕ್ಕದಲ್ಲಿದ್ದ ವೃದ್ಧರೊಬ್ಬರು ನಕ್ಕು, ಆ ಬಂಡೆ ತಮ್ಮನ್ನೂ ಹಲವು ವರ್ಷ ಮೋಸಗೊಳಿಸಿದೆ ಎಂದರು. ಅವರ ಸ್ಕೋಪ್ ಬೇರೆಡೆಗೆ ತಿರುಗಿತ್ತು. ಕಣ್ಣಿಟ್ಟಾಗ ಬೂದು ಪೊದೆಗಳ ನಡುವೆ ಒಂದು ಬೆನ್ನು ಮಾತ್ರ ಕಾಣಿಸಿತು. ಮುಂಗಾಲು ಮಣ್ಣನ್ನು ಸೆಳೆದಾಗಲೆಲ್ಲ ಭುಜದ ಮೇಲಿನ ದಿಬ್ಬ ಏರಿ ಇಳಿಯುತ್ತಿತ್ತು, ಬೇರಿಗಂಟಿದ ಮಣ್ಣಿನ ಹೆಂಟೆಗಳು ಹಿಂದಕ್ಕೆ ಹಾರುತ್ತಿದ್ದವು. ಬೆನ್ನ ಕೂದಲ ತುದಿಗಳಿಗೆ ಬೆಳಗಿನ ಬೆಳಕು ತಾಗಿ ಬೂದಿ ಚಿಮುಕಿಸಿದಂತಿತ್ತು. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು. ನಾನು ಬಂಡೆ ನೋಡುತ್ತಿದ್ದೆ. ಅಂದಿನಿಂದ ನಾನು ಪಾಲಿಸುವ ನಿಯಮವಿದು: ಸಂಶಯದ ಆಕಾರವನ್ನು ಪಕ್ಕದ ಮರ ಅಥವಾ ಹಿಮದ ತುಂಡಿನ ಗುರುತಿಟ್ಟು ಎರಡು ನಿಮಿಷ ನೋಡಬೇಕು, ಅಲುಗದಿದ್ದರೆ ಮುಂದೆ ಹೋಗಬೇಕು, ಐದು ನಿಮಿಷ ಬಿಟ್ಟು ಮತ್ತೆ ಬಂದು ಸ್ಥಾನ ಬದಲಾಗಿದೆಯೇ ಎಂದು ಪರೀಕ್ಷಿಸಬೇಕು.

ಹತ್ತು ಗಂಟೆಯ ಹೊತ್ತಿಗೆ ನೆಲ ಕಾದು ಬಿಸಿಗಾಳಿ ನಡುಗತೊಡಗಿದರೆ ಸ್ಕೋಪ್‌ನಲ್ಲಿ ಎಲ್ಲವೂ ನೀರಿನಡಿಯಲ್ಲಿರುವಂತೆ ಕಾಣುತ್ತದೆ. ಆಗ ಹಿಗ್ಗಿಸುವಿಕೆಯನ್ನು ಇಪ್ಪತ್ತಕ್ಕೆ ಇಳಿಸಿ, ಅಥವಾ ಊಟ ಮಾಡಿ ನಿದ್ದೆ ತೆಗೆಯಿರಿ. ಸಂಜೆ ಆರರಿಂದ ಕತ್ತಲಾಗುವವರೆಗೆ ಮತ್ತೆ ಕೂರಬಹುದು.

6. ಗ್ರಿಜ್ಲಿಯೋ ಕಪ್ಪು ಕರಡಿಯೋ

ಬಣ್ಣವನ್ನು ನಂಬಬೇಡಿ. ಇಲ್ಲಿನ ಕಪ್ಪು ಕರಡಿಗಳಲ್ಲಿ ದಾಲ್ಚಿನ್ನಿ ಬಣ್ಣದವೂ ಕಂದು ಬಣ್ಣದವೂ ಬಹಳ ಇವೆ, ಗ್ರಿಜ್ಲಿಗಳಲ್ಲಿ ಕಪ್ಪಗಿರುವವೂ ಇವೆ. ಗಾತ್ರವೂ ಮೋಸ ಮಾಡುತ್ತದೆ. ತಲೆ ತಗ್ಗಿಸಿ ಮೇಯುತ್ತಿರುವಾಗ ದೇಹದ ಅತಿ ಎತ್ತರದ ಬಿಂದು ಯಾವುದೆಂದು ನೋಡಿ: ಗ್ರಿಜ್ಲಿಯಲ್ಲಿ ಅದು ಭುಜದ ಮೇಲಿನ ಸ್ನಾಯುವಿನ ದಿಬ್ಬ, ಕಪ್ಪು ಕರಡಿಯಲ್ಲಿ ಸಾಮಾನ್ಯವಾಗಿ ಹಿಂಭಾಗ. ಗ್ರಿಜ್ಲಿಯ ಮುಖ ಪಕ್ಕದಿಂದ ನೋಡಿದಾಗ ಹಣೆಯಿಂದ ಮೂಗಿನವರೆಗೆ ತಟ್ಟೆಯಂತೆ ಒಳಬಾಗಿರುತ್ತದೆ, ಕಿವಿಗಳು ಗಿಡ್ಡಗೆ ದುಂಡಗಿರುತ್ತವೆ. ಕಪ್ಪು ಕರಡಿಯ ಮುಖ ನೇರ, ಕಿವಿ ದೊಡ್ಡದು. ಕನಿಷ್ಠ ಎರಡು ಲಕ್ಷಣಗಳು ಕೂಡಿಬಂದ ಮೇಲಷ್ಟೇ ಹೆಸರು ಹೇಳಿ.

7. ಕಂಡ ಮೇಲೆ ಅಂತರ ಕಾಯ್ದುಕೊಳ್ಳಿ

ಕರಡಿಯಿಂದ ಕನಿಷ್ಠ 100 ಗಜ, ಅಂದರೆ 91 ಮೀಟರ್ ದೂರವಿರಬೇಕೆಂಬುದು ಉದ್ಯಾನದ ಕಾನೂನು. ಕ್ರಿಕೆಟ್ ಪಿಚ್ 22 ಗಜ. ನಾಲ್ಕೂವರೆ ಪಿಚ್‌ಗಳನ್ನು ಉದ್ದಕ್ಕೆ ಜೋಡಿಸಿದಷ್ಟು ದೂರವನ್ನು ಕಣ್ಣಲ್ಲಿ ಇಟ್ಟುಕೊಳ್ಳಿ. ಗ್ರಿಜ್ಲಿ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಆ ನಾಲ್ಕೂವರೆ ಪಿಚ್ ದಾಟಲು ಅದಕ್ಕೆ ಬೇಕಾಗುವುದು ಸುಮಾರು ಆರು ಸೆಕೆಂಡ್. ಕರಡಿಯೇ ನಿಮ್ಮತ್ತ ಬಂದರೂ ನಿಯಮ ನಿಮ್ಮದೇ: ಕಾರಿನೊಳಗೆ ಹೋಗಬೇಕು ಇಲ್ಲವೇ ಹಿಂದೆ ಸರಿಯಬೇಕು.

ಕಾರನ್ನು ರಸ್ತೆಯ ಮಧ್ಯೆ ನಿಲ್ಲಿಸಬೇಡಿ. ನಾಲ್ಕೂ ಚಕ್ರಗಳು ಬಿಳಿ ಗೆರೆಯ ಹೊರಗಿರಬೇಕು. ಪ್ರಾಣಿಯ ಧ್ವನಿ ಅನುಕರಿಸುವುದು, ದೀಪ ಹಾಯಿಸಿ ನೋಡುವುದು, ಡ್ರೋನ್ ಹಾರಿಸುವುದು ಮೂರೂ ನಿಷಿದ್ಧ.

8. ನಡೆಯಲೇಬೇಕೆಂದಿದ್ದರೆ

ಕರಡಿ ಕಾಣುವ ಹೊತ್ತು ಬೇರೆ, ಕಾಡಿನಲ್ಲಿ ನಡೆಯುವ ಹೊತ್ತು ಬೇರೆ. ಹೊಸಬರು ಬೆರೆಸಿಬಿಡುವುದು ಇವೆರಡನ್ನೇ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ ಹಾದಿ ಹಿಡಿಯಬಾರದು. ಬಿಸಿಲೇರಿದ ಮೇಲೆ, ಮೂವರು ಅಥವಾ ಹೆಚ್ಚು ಜನರ ಗುಂಪಿನಲ್ಲಿ, ಗುರುತಿಸಿದ ಹಾದಿಯಲ್ಲೇ ನಡೆಯಿರಿ. ತಿರುವು, ತೊರೆಯ ಸದ್ದು, ದಟ್ಟ ಪೊದೆ, ಎದುರು ಗಾಳಿ ಇರುವಲ್ಲಿ ಗಟ್ಟಿಯಾಗಿ ಕೂಗಿ, ಚಪ್ಪಾಳೆ ತಟ್ಟಿ. ಚೀಲಕ್ಕೆ ಕಟ್ಟುವ ಗಂಟೆಯ ಕಿಣಿಕಿಣಿ ಸಾಲದು. ಆ ಪ್ರದೇಶ ಕರಡಿಗಳಿಗಾಗಿ ಮುಚ್ಚಿದೆಯೇ ಎಂದು ಹಾದಿಯ ಬಾಯಲ್ಲಿರುವ ಫಲಕವನ್ನು ಓದದೆ ಹೆಜ್ಜೆ ಇಡಬೇಡಿ.

ಎಚ್ಚರಿಕೆಯ ಗುರುತುಗಳು ಇವು: ಹೊಸದಾಗಿ ಮಗುಚಿದ ಕಲ್ಲು, ಅದರಡಿಯ ಮಣ್ಣು ಇನ್ನೂ ಒದ್ದೆ, ಉಳುಮೆ ಮಾಡಿದಂತೆ ಅಗೆದ ಹುಲ್ಲುನೆಲ, ಮರದ ತೊಗಟೆಗೆ ಅಂಟಿದ ಕೂದಲು, ಒಣಗದ ಲದ್ದಿ, ಬೆರಳುಗಳ ಗುರುತು ಬಹುತೇಕ ನೇರ ಸಾಲಿನಲ್ಲಿದ್ದು ಉಗುರಿನ ಚುಕ್ಕೆಗಳು ಬಹಳ ಮುಂದೆ ಬಿದ್ದ ಹೆಜ್ಜೆ. ರಸ್ತೆಬದಿಯಲ್ಲಿ ಇಂಥ ಗುರುತು ಸಂತೋಷದ ಸುದ್ದಿ, ಹಾದಿಯಲ್ಲಿ ಅಲ್ಲ. ಕೊಳೆತ ವಾಸನೆ ಬಂದರೆ, ಅಥವಾ ರೇವನ್‌ಗಳು ಗುಂಪಾಗಿ ಮೇಲೇಳುವುದು ಹತ್ತಿರದಲ್ಲೇ ಕಂಡರೆ, ಏನೆಂದು ನೋಡಲು ಹೋಗದೆ ಬಂದ ದಾರಿಯಲ್ಲೇ ಹಿಂತಿರುಗಿ. ಕಳೇಬರವನ್ನು ಮಣ್ಣಿನಿಂದ ಮುಚ್ಚಿ ಪಕ್ಕದ ಪೊದೆಯಲ್ಲಿ ಮಲಗಿ ಕಾಯುವುದು ಗ್ರಿಜ್ಲಿಯ ಸ್ವಭಾವ.

ಕಾಡಿನೊಳಗೆ ರಾತ್ರಿ ಡೇರೆ ಹಾಕುವವರಿಗೆ ಪರವಾನಗಿ ಬೇಕು, ಮತ್ತು ವಾಸನೆ ಇರುವುದೆಲ್ಲವನ್ನೂ ಮಲಗುವ ಜಾಗದಿಂದ 100 ಗಜ ದೂರ ಎತ್ತರದಲ್ಲಿ ನೇತುಹಾಕಬೇಕು, ಇಲ್ಲವೇ ಕರಡಿ ತೆರೆಯಲಾಗದ ಡಬ್ಬಿಯಲ್ಲಿಡಬೇಕು. ವಾಸನೆ ಎಂದಾಗ ನಮ್ಮವರು ಚಪಾತಿ, ಪುಳಿಯೋಗರೆ ಗೊಜ್ಜನ್ನು ನೆನೆಯುತ್ತಾರೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಅಡುಗೆ ಮಾಡಿದಾಗ ತೊಟ್ಟ ಬಟ್ಟೆಯನ್ನು ಮರೆಯುತ್ತಾರೆ. ಅವೂ ಡೇರೆಯೊಳಗೆ ಬರಬಾರದು.

9. ಹತ್ತಿರದಲ್ಲೇ ಎದುರಾದರೆ

ಓಡಬೇಡಿ. ಕರಡಿ ನಿಮ್ಮನ್ನು ಗಮನಿಸಿಲ್ಲದಿದ್ದರೆ ಸದ್ದಿಲ್ಲದೆ ಹಿಂದೆ ಸರಿಯಿರಿ. ಗಮನಿಸಿದ್ದರೆ ಸ್ಪ್ರೇಯನ್ನು ಕೈಗೆ ತೆಗೆದುಕೊಂಡು, ಕ್ಲಿಪ್ ತೆಗೆದು, ಮೆಲ್ಲಗೆ ಹಿಮ್ಮೆಟ್ಟಿ. ಬುಸುಗುಟ್ಟುವುದು, ದವಡೆ ಕಟಕಟ ಎನ್ನಿಸುವುದು, ಜೊಲ್ಲು ಸುರಿಸುವುದು, ಕಿವಿ ಹಿಂದಕ್ಕೆ ಒತ್ತಿ ತಲೆ ತಗ್ಗಿಸುವುದು ಅದು ಒತ್ತಡದಲ್ಲಿರುವುದರ ಲಕ್ಷಣಗಳು. ಹಿಂಗಾಲ ಮೇಲೆ ನಿಲ್ಲುವುದು ಬಹುತೇಕ ಕುತೂಹಲ ಮಾತ್ರ.

ನುಗ್ಗಿ ಬಂದರೆ ಅಲ್ಲೇ ನಿಲ್ಲಿ. ಅನೇಕ ಬಾರಿ ಅದು ಬೆದರಿಕೆಯ ಓಟವಾಗಿದ್ದು ಕೊನೆಯಲ್ಲಿ ತಿರುಗಿಬಿಡುತ್ತದೆ. ನೀವು ಒಂದು ಕ್ರಿಕೆಟ್ ಪಿಚ್‌ನ ಈ ತುದಿಯಲ್ಲಿದ್ದೀರೆಂದುಕೊಂಡು, ಕರಡಿ ಆಚೆ ತುದಿಯನ್ನು (22 ಗಜ) ದಾಟಿ ಒಳಗೆ ಬರುತ್ತಿದ್ದಂತೆ, ಸ್ವಲ್ಪ ಕೆಳಮುಖವಾಗಿ, ನಿಮ್ಮಿಬ್ಬರ ನಡುವೆ ಮೋಡದ ಗೋಡೆ ಏಳುವಂತೆ ಸ್ಪ್ರೇ ಒತ್ತಿ. ಅದು ಹತ್ತಿರವಾಗಲಿ ಎಂದು ಕಾದರೆ ಮೋಡ ಹರಡಲು ಸಮಯವೇ ಸಿಗದು. ಮೈಮೇಲೆ ಬಿದ್ದರೆ ಬೆನ್ನಚೀಲ ತೆಗೆಯದೆ ಹೊಟ್ಟೆ ಅಡಿಯಾಗಿ ಮಲಗಿ, ಬೆರಳು ಹೆಣೆದು ಕುತ್ತಿಗೆಯ ಹಿಂಭಾಗವನ್ನು ಮುಚ್ಚಿ, ಮಗುಚಲಾಗದಂತೆ ಕಾಲುಗಳನ್ನು ಅಗಲಿಸಿ, ಅಲುಗದೆ ಇರಿ. ಅದು ಬಿಟ್ಟ ತಕ್ಷಣ ಏಳಬೇಡಿ. ಅದು ನಿಜಕ್ಕೂ ದೂರ ಹೋಗುವವರೆಗೆ ಹಾಗೆಯೇ ಕಾಯಿರಿ. ರಾತ್ರಿ ಡೇರೆಗೆ ನುಗ್ಗಿದ ಅಥವಾ ಬೆನ್ನಟ್ಟಿ ಬೇಟೆಯಾಡುವಂತೆ ಬಂದ ಕರಡಿಯ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗು: ಆಗ ಸತ್ತಂತೆ ನಟಿಸದೆ ಕೈಗೆ ಸಿಕ್ಕಿದ್ದರಿಂದ ಹೊಡೆದಾಡಬೇಕು.

10. ಹೊರಡುವ ದಿನ

ಬಳಸದೆ ಉಳಿದ ಸ್ಪ್ರೇ ಡಬ್ಬಿಯನ್ನು ಹೋಟೆಲಿನ ಕಸದ ಬುಟ್ಟಿಗೆ ಹಾಕಬೇಡಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೂ ಬಿಡಬೇಡಿ. ಕಾವಿಗೆ ಅದು ಸಿಡಿಯಬಹುದು. ಉದ್ಯಾನದೊಳಗೇ ಇಂಥ ಡಬ್ಬಿಗಳನ್ನು ಮರುಬಳಕೆಗೆ ಒಪ್ಪಿಸುವ ವ್ಯವಸ್ಥೆ ಇದೆ, ಅಥವಾ ಅದೇ ಬೆಳಗ್ಗೆ ಬಂದಿಳಿದ ಇನ್ನೊಂದು ಕುಟುಂಬಕ್ಕೆ, ಕ್ಲಿಪ್ ತೆಗೆಯುವುದನ್ನು ತೋರಿಸಿಕೊಟ್ಟು, ದಾಟಿಸಬಹುದು. ದಾಟಿಸುವಾಗ ಸ್ಲೌ ಕ್ರೀಕ್ ಎದುರಿನ ಆ ಕಂದು ಬಂಡೆ ಎಲ್ಲಿದೆ ಎಂಬುದನ್ನೂ ಹೇಳಿಬಿಡಿ.